ಉತ್ತರ ಗೊತ್ತು, ಬರೆಯೋದೇ ಕಷ್ಟ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಸಲಹೆಗೆಂದು ನನ್ನ ಹತ್ತಿರ ಕರೆತಂದಿದ್ದು ಮುಂಬೈ ಹತ್ತಿರದ ಡೊಂಬಿವಲಿಯ ಹುಡುಗನನ್ನು, ಐದನೇ ಕ್ಲಾಸು. ಅಪ್ಪ ಅಮ್ಮ ಕುಂದಾಪುರದ ಕಡೆಯವರು. "ಬಾಯಲ್ಲಿ ಕೇಳಿದ್ರೆ ಎಲ್ಲ ಹೇಳ್ತಾನೆ ಮೇಡಂ, ಪರೀಕ್ಷೆಯಲ್ಲಿ ಅರ್ಧ ಪೇಪರ್ ಖಾಲಿ. ಸೋಮಾರಿತನ ಅಲ್ದೆ ಇನ್ನೇನು?" ಎಂದರು ಅಪ್ಪ. ಸೋಮವಾರ ಬೆಳಗಾದರೆ ಹೊಟ್ಟೆನೋವು. ಮಕ್ಕಳ ಡಾಕ್ಟರು ಏನೂ ಇಲ್ಲ ಅಂದಿದ್ದರು.

ಗಣಿತದ ನೋಟ್‌ಬುಕ್ ತೆರೆದರೆ, ರಬ್ಬರಿನಲ್ಲಿ ಉಜ್ಜಿ ಉಜ್ಜಿ ಒಂದು ಕಡೆ ಹಾಳೆ ತೂತಾಗಿತ್ತು. "ಉತ್ತರ ಸರಿ ಇತ್ತಲ್ವಾ, ಯಾಕೆ ಅಳಿಸಿದೆ?" "ಏಳು ಚೆನ್ನಾಗಿ ಬಂದಿರ್ಲಿಲ್ಲ ಆಂಟಿ." ಆಮೇಲೆ ತಾನಾಗಿಯೇ 1, 4, 9, 16 ಬರೆದು ತೋರಿಸಿದ: ಒಂದರಲ್ಲೊಂದು ಕಳೆದರೆ 3, 5, 7, ಬರೀ ಬೆಸ ಸಂಖ್ಯೆಗಳೇ! ಯಾರೂ ಹೇಳಿಕೊಟ್ಟಿರಲಿಲ್ಲ. ಸೋಮಾರಿ ಅನ್ನುವ ಮಾತು ನನಗೆ ಅಲ್ಲಿಗೇ ಮುಗಿಯಿತು.

ಬುದ್ಧಿಮತ್ತೆಯ ಪರೀಕ್ಷೆ ಮಾಡಿಸಿದಾಗ ತರ್ಕದಲ್ಲಿ ತುಂಬಾ ಮೇಲೆ, ಕೆಲಸದ ವೇಗದಲ್ಲಿ ಕೆಳಗೆ. ಒಟ್ಟು ಐಕ್ಯೂ ಒಂದನ್ನೇ ನೋಡಿದ್ದರೆ ಎರಡೂ ಕಾಣುತ್ತಿರಲಿಲ್ಲ. ಮಕ್ಕಳ ಮನೋವೈದ್ಯರು ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ), ಜೊತೆಗೆ ಆತಂಕ ಎಂದರು. ನಾಲ್ಕನೇ ಕ್ಲಾಸಿನ ತನಕ ಜಾಣತನದಲ್ಲೇ ನಿಭಾಯಿಸಿದ್ದ. ಬರೆಯೋದು ಜಾಸ್ತಿಯಾದಾಗ ಸಿಕ್ಕಿಬಿದ್ದ.

ನಾನು ಹೇಳಿದ್ದು ಇಷ್ಟು. ಬರವಣಿಗೆ ಕಡಿಮೆ ಮಾಡಿ, ಲೆಕ್ಕದ ಕಷ್ಟ ಕಡಿಮೆ ಮಾಡಬೇಡಿ. ಹತ್ತು ಸುಲಭದ ಲೆಕ್ಕದ ಬದಲು ಮೂರು ಕಷ್ಟದ್ದು ಸಾಕು, ನಡುವೆ ಎದ್ದು ಓಡಾಡಲಿ. ದಿನಾ ಒಂದು ಸೊಟ್ಟ ಏಳು ಬರೆದು ಅಳಿಸದೆ ಬಿಡಬೇಕು. ಅಪ್ಪನೂ ಪಕ್ಕದಲ್ಲಿ ಕೂತು ಬರೆಯಬೇಕು. ಹೊಟ್ಟೆನೋವು ಅಂದರೆ ಬೈಯಬೇಡಿ, ಸುಮ್ನೆ ನಾಟಕ ಅನ್ನಬೇಡಿ, ಆದರೆ ಮನೆಯಲ್ಲಿ ಉಳಿಸಿಕೊಳ್ಳಲೂ ಬೇಡಿ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಅಂಕ ಕಡಿಮೆ ಬಂತೆಂದು ಚೆಸ್ ಕ್ಲಾಸು ನಿಲ್ಲಿಸಿದ್ದರು. ಅದನ್ನು ಮೊದಲು ಶುರು ಮಾಡಿ ಅಂದೆ. ಅಜ್ಜಿ "ಮಾಣಿಗೆ ದೃಷ್ಟಿ ಆಯ್ತು" ಅಂದರಂತೆ. ದೃಷ್ಟಿ ತೆಗೆಯಲಿ, ನನ್ನದೇನೂ ತಕರಾರಿಲ್ಲ. ಡಾಕ್ಟರ ಹತ್ತಿರ ಹೋಗೋದು ತಪ್ಪಬಾರದು.

ಶಾಲೆಯ ವಿಷಯ ಸ್ವಲ್ಪ ಗೋಜಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆ (ಓದು, ಬರಹ, ಲೆಕ್ಕ ಕಲಿಯುವುದರಲ್ಲಿ ಆಗುವ ತೊಂದರೆ) ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಕಲಿಕಾ ನ್ಯೂನತೆಯೂ ಇದೆಯೇ ಎಂದು ನೋಡಿಸಲು ಹೇಳಿದೆ. ಅಲ್ಲಿಯವರೆಗೆ ವೈದ್ಯರ ಪತ್ರ ಹಿಡಿದು ಪ್ರಿನ್ಸಿಪಾಲರನ್ನು ಕಂಡು, ಕ್ಲಾಸ್ ಟೆಸ್ಟಿಗೆ ಹೆಚ್ಚು ಸಮಯ, ಮುಂದಿನ ಬೆಂಚು ಕೇಳಬಹುದು.

"ಮಾತ್ರೆ ಅಭ್ಯಾಸ ಆಗಿಬಿಟ್ರೆ?" ಎಂದು ಅಮ್ಮ ಎಡಿಎಚ್‌ಡಿ ಔಷಧಿಯ ಬಗ್ಗೆ ಕೇಳಿದರು. ವೈದ್ಯರ ನಿಗಾದಲ್ಲಿ ಕೊಟ್ಟರೆ ಆ ಭಯ ಬೇಡ, ಹಸಿವು, ನಿದ್ದೆ, ತೂಕ ನೋಡುತ್ತಿರಬೇಕು, ಆತಂಕ ಜಾಸ್ತಿಯಾದರೆ ತಕ್ಷಣ ಹೇಳಬೇಕು ಅಂದೆ. ಅವರಿನ್ನೂ ತೀರ್ಮಾನ ಮಾಡಿಲ್ಲ. ನಾನೂ ಅವಸರ ಮಾಡುತ್ತಿಲ್ಲ. ಚೆಸ್ ಮಾತ್ರ ಶುರುವಾಗಿದೆ.