ಮೂರು ವಾರದಲ್ಲಿ ಕ್ಯಾಬಿನ್ ಕ್ರೂ ಇಂಟರ್‌ವ್ಯೂ ಇದೆ, ಹೇಗೆ ತಯಾರಾಗಲಿ?

ನಿಮ್ಮ ಪ್ರಶ್ನೆಯಲ್ಲಿ ಮೂರು ಭಯ ಕಾಣಿಸಿತು. ಎತ್ತರ ಸಾಲುತ್ತದೋ ಇಲ್ಲವೋ, ಇಂಗ್ಲಿಷ್ ತಡವರಿಸುತ್ತದೆ, ಗ್ರೂಪ್ ರೌಂಡಿನಲ್ಲಿ ಬಾಯಿ ಕಟ್ಟಿಹೋಗುತ್ತದೆ. ಜೊತೆಗೆ ಮೇಕಪ್ ಹೇಗಿರಬೇಕು ಅಂತಲೂ ಕೇಳಿದ್ದೀರಿ. ಮೇಕಪ್ಪನ್ನು ಕೊನೆಗೆ ಇಡೋಣ. ನಾನು ಮೊದಲ ಸಲ ಫೇಲಾಗಿ, ಎರಡನೇ ಸಲ ಪಾಸಾಗಿ, ಆರು ವರ್ಷ ಹಾರಿದವಳು. ಫೇಲಾದ ಕಥೆಯಿಂದಲೇ ಶುರು ಮಾಡುತ್ತೇನೆ, ನಿಮಗೆ ಬೇಕಾದ ಸರಕು ಅದರಲ್ಲೇ ಜಾಸ್ತಿ ಇದೆ.

ಗ್ರೂಪ್ ರೌಂಡಿನಲ್ಲಿ ನಾವು ಎಂಟು ಜನ ಇದ್ದೆವು. ನೀವು ಹೋಟೆಲ್ ರಿಸೆಪ್ಷನ್‌ನಲ್ಲಿದ್ದೀರಿ, ಹತ್ತು ಅತಿಥಿಗಳು ಬಂದಿದ್ದಾರೆ, ಖಾಲಿ ಇರುವುದು ಐದೇ ರೂಮು, ಯಾರಿಗೆ ಕೊಡುತ್ತೀರಿ ಅಂತ ಹತ್ತು ನಿಮಿಷದಲ್ಲಿ ಎಲ್ಲರೂ ಸೇರಿ ತೀರ್ಮಾನಿಸಿ ಅಂದರು. ಲಿಸ್ಟಿನಲ್ಲಿ ಒಬ್ಬ ನಟ, ಹೊಸದಾಗಿ ಮದುವೆಯಾದ ಜೋಡಿ, ಗಾಲಿಕುರ್ಚಿಯಲ್ಲಿರುವ ಅಜ್ಜ, ಹೀಗೆ. ನಾನು ಲೀಡರ್ ಥರ ಕಾಣಬೇಕು ಅಂತ ಪೇಪರನ್ನು ನನ್ನ ಕಡೆ ಎಳೆದುಕೊಂಡು, ಪೆನ್ ಹಿಡಿದು, ಟಿಕ್ ಹಾಕುತ್ತಾ ಹೋದೆ. ಎದುರಿಗೆ ಕೂತಿದ್ದ ಹುಡುಗಿ ಎರಡು ಸಲ ಮೆಲ್ಲಗೆ, "ಅಜ್ಜನಿಗೆ ಕೆಳಗಿನ ಮಹಡಿಯಲ್ಲೇ ರೂಮ್ ಇದೆಯಾ ಅಂತ ಮೊದಲು ನೋಡಬೇಕಲ್ವಾ?" ಅಂದಳು. "ಹೂಂ ಹೂಂ, ಅದಕ್ಕೆ ಆಮೇಲೆ ಬರೋಣ" ಅಂದೆ. ಬರಲೇ ಇಲ್ಲ. ಟೈಮ್ ಮುಗಿಯುವ ಮೊದಲೇ ಉತ್ತರ ರೆಡಿ ಮಾಡಿದ್ದೆ, ಬೀಗುತ್ತಾ ಹೊರಗೆ ಬಂದೆ. ಅರ್ಧ ಗಂಟೆ ಬಿಟ್ಟು ಹೆಸರು ಓದಿದಾಗ ನನ್ನದು ಇರಲಿಲ್ಲ, ಆ ಹುಡುಗಿಯದು ಇತ್ತು.

ಆಗ ತುಂಬಾ ಸಿಟ್ಟು ಬಂದಿತ್ತು. ಕೆಲಸಕ್ಕೆ ಸೇರಿದ ಮೇಲೆ ಅರ್ಥವಾಯಿತು. ದೊಡ್ಡ ಏರ್‌ಲೈನ್‌ಗಳಲ್ಲಿ ಎಷ್ಟೋ ಸಲ ಜೊತೆಗೆ ಹಾರುವವರನ್ನು ನೀವು ಮೊದಲು ನೋಡುವುದೇ ಹೊರಡುವ ಮುಂಚಿನ ಬ್ರೀಫಿಂಗ್‌ನಲ್ಲಿ. ಹಿಂದಿನ ಗ್ಯಾಲಿಯಲ್ಲಿ, ಅಂದರೆ ವಿಮಾನದ ಪುಟ್ಟ ಅಡುಗೆಮನೆಯಲ್ಲಿ, ನಿಂತ ಹೊಸ ಹುಡುಗ "ಏನೋ ಸುಟ್ಟ ವಾಸನೆ ಬರ್ತಿದೆ" ಅಂದಾಗ "ಅದಕ್ಕೆ ಆಮೇಲೆ ಬರೋಣ" ಅನ್ನುವವರು ಯಾರಿಗೂ ಬೇಡ. ಆ ಹೋಟೆಲ್ ಲೆಕ್ಕಕ್ಕೆ ಸರಿ ಉತ್ತರ ಅನ್ನುವುದೇ ಇರಲಿಲ್ಲ, ಅವರು ನೋಡುತ್ತಿದ್ದದ್ದು ನಮ್ಮನ್ನು.

ಹಾಗಾಗಿ ನಿಮಗೆ ಬಾಯಿ ಕಟ್ಟುತ್ತದೆ ಅನ್ನುವುದು ಅಷ್ಟು ದೊಡ್ಡ ತೊಂದರೆ ಅಲ್ಲ. ಪೂರ್ತಿ ಸುಮ್ನೆ ಕೂರಬೇಡಿ, ಅಷ್ಟೇ. ಎರಡು ಮೂರು ಸಲ ಮಾತಾಡಿದರೆ ಸಾಕು, ಅದರಲ್ಲಿ ಒಂದು ಸಲ ಬೇರೆಯವರ ಮಾತನ್ನು ಎತ್ತಿಕೊಂಡು ಮುಂದುವರಿಸಿ. ನಿಮಗಿಂತ ಮೌನವಾಗಿರುವವರು ಒಬ್ಬರು ಇದ್ದೇ ಇರುತ್ತಾರೆ, ಅವರ ಹೆಸರು ಹಿಡಿದು ನಿಮಗೇನನ್ನಿಸುತ್ತದೆ ಅಂತ ಕೇಳಿ. ಗಡಿಯಾರದ ಮೇಲೆ ಒಂದು ಕಣ್ಣಿರಲಿ. ಮನೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಎರಡು ಸಲ ಇಂಥದ್ದೇ ಆಟ ಆಡಿ ನೋಡಿ, ಯಾರ ಮಾತು ಎಲ್ಲಿ ತುಂಡರಿಸುತ್ತೀರಿ ಅಂತ ನಿಮಗೇ ಗೊತ್ತಾಗುತ್ತದೆ.

ಇನ್ನು "ಈ ಕೆಲಸ ಯಾಕೆ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಊರೂರು ಸುತ್ತುವುದಿಷ್ಟ, ಜನರೊಂದಿಗೆ ಬೆರೆಯುವುದಿಷ್ಟ ಅಂತ ಎಲ್ಲರೂ ಹೇಳುತ್ತಾರೆ. ಕೇಳಿ ಕೇಳಿ ಅವರಿಗೆ ಸಾಕಾಗಿರುತ್ತದೆ. ಕೆಲಸ ಏನು ಅಂತ ಮೊದಲು ತಿಳಿದುಕೊಳ್ಳಿ. ಊಟ ಕಾಫಿ ಕೊಡುವುದು ಕಣ್ಣಿಗೆ ಕಾಣುವ ಭಾಗ. ಸಾಮಾನ್ಯವಾಗಿ ಪ್ರತಿ 50 ಸೀಟಿಗೆ ಒಬ್ಬ ಸಿಬ್ಬಂದಿಯಾದರೂ ಇರಬೇಕು ಅಂತ ನಿಯಮ ಇರುವುದು ಕಾಫಿಗಾಗಿ ಅಲ್ಲ, ಬಾಗಿಲು ತೆರೆದು ಜನರನ್ನು ಇಳಿಸುವುದಕ್ಕೆ. 44ಕ್ಕಿಂತ ಜಾಸ್ತಿ ಸೀಟಿರುವ ವಿಮಾನಕ್ಕೆ ಅನುಮತಿ ಸಿಗಬೇಕಾದರೆ, ಅರ್ಧ ಬಾಗಿಲು ಮಾತ್ರ ಬಳಸಿ, ಕತ್ತಲಲ್ಲಿ, 90 ಸೆಕೆಂಡಿನಲ್ಲಿ ಎಲ್ಲರೂ ಹೊರಗೆ ಬರಬಹುದು ಅಂತ ತೋರಿಸಬೇಕು. ನಿಜವಾದ ಅಪಘಾತದಲ್ಲಿ ಎಲ್ಲವೂ ಅಷ್ಟು ಸಲೀಸಾಗಿರುವುದಿಲ್ಲ. 2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್‌ನ ವಿಮಾನ ಇಳಿಯುವಾಗ ರನ್‌ವೇಯಲ್ಲಿದ್ದ ಕೋಸ್ಟ್ ಗಾರ್ಡ್ ವಿಮಾನಕ್ಕೆ ಬಡಿದು ಹೊತ್ತಿಕೊಂಡಿತು. ಆ ಸಣ್ಣ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ಸತ್ತರು. ಪ್ರಯಾಣಿಕರ ವಿಮಾನದಲ್ಲಿದ್ದ 379 ಜನರೂ ಬದುಕಿದರು. ಅನೌನ್ಸ್‌ಮೆಂಟ್ ವ್ಯವಸ್ಥೆ ಕೆಟ್ಟಿತ್ತು, ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲು ಹರಿಯುವಂತೆ ಕೂಗಿ ಇಳಿಸಿದರು. ಎಂಟು ಬಾಗಿಲಲ್ಲಿ ಮೂರನ್ನೇ ಬಳಸಲು ಆದದ್ದು. ಇದನ್ನು ಹೋಗಿ ಗಿಳಿಪಾಠ ಒಪ್ಪಿಸಬೇಡಿ. ಆದರೆ ಇದನ್ನು ಓದಿಕೊಂಡು ಹೋದವರ ಉತ್ತರದ ತೂಕವೇ ಬೇರೆ ಇರುತ್ತದೆ. ಅಂದಹಾಗೆ, 1930ರ ಮೇ 15ರಂದು ಈ ಕೆಲಸಕ್ಕೆ ವಿಮಾನ ಹತ್ತಿದ ಮೊದಲ ಹೆಣ್ಣುಮಗಳು ಎಲೆನ್ ಚರ್ಚ್ ನರ್ಸ್ ಆಗಿದ್ದಳು.

ಎತ್ತರದ ವಿಷಯ. ಹೆಚ್ಚಿನ ಕಡೆ ಮುಖ್ಯವಾಗುವುದು ಕೈ ಎಷ್ಟು ಮೇಲಕ್ಕೆ ಎಟಕುತ್ತದೆ ಅನ್ನುವುದು. ಕೆಲವು ದೊಡ್ಡ ಕಂಪನಿಗಳು 212 ಸೆಂಟಿಮೀಟರ್ ಕೇಳುತ್ತವೆ, ಶೂ ಬಿಚ್ಚಿ ತುದಿಗಾಲಲ್ಲಿ ನಿಂತು. ತಲೆ ಮೇಲಿನ ಲಗೇಜ್ ಬಿನ್‌ಗಳಲ್ಲಿ ಆಕ್ಸಿಜನ್ ಬಾಟಲಿಯಂಥ ತುರ್ತು ಸಾಮಾನೂ ಇರುತ್ತವೆ, ಅದಕ್ಕೆ. ಇವತ್ತೇ ಗೋಡೆಗೆ ಟೇಪ್ ಅಂಟಿಸಿ ನೋಡಿ. ಒಂದೆರಡು ಸೆಂಟಿಮೀಟರ್ ಕಮ್ಮಿ ಇದ್ದರೆ ದಿನಾ ಭುಜ, ಬೆನ್ನು ಎಳೆಯುವ ವ್ಯಾಯಾಮ ಮಾಡಿ, ಅಷ್ಟು ದಕ್ಕುವುದುಂಟು. ಎಂಟು ಹತ್ತು ಕಮ್ಮಿ ಇದ್ದರೆ ಬೇರೆ ಕಂಪನಿ ನೋಡಿ, ಒಂದೊಂದು ಕಂಪನಿಯ ಲೆಕ್ಕ ಬೇರೆ.

ಇಂಗ್ಲಿಷ್ ಬಗ್ಗೆ ಇಷ್ಟೇ: ಉಚ್ಚಾರಣೆ ವಿದೇಶಿಯರ ಹಾಗಿರಬೇಕಿಲ್ಲ, ದಯವಿಟ್ಟು ಆ ಪ್ರಯತ್ನ ಮಾಡಬೇಡಿ, ಕೇಳಲಾಗುವುದಿಲ್ಲ. ಬೆಂಕಿ ಹತ್ತಿದಾಗ ಆಡುವ ಇಂಗ್ಲಿಷ್ ಮೂರು ಪದದ್ದು, "ಲೀವ್ ಯುವರ್ ಬ್ಯಾಗ್ಸ್" ಅಂತ. ಸ್ಪಷ್ಟವಾಗಿ, ನಿಧಾನವಾಗಿ, ಸಣ್ಣ ವಾಕ್ಯದಲ್ಲಿ ಮಾತಾಡಿ. ದಿನಾ ಹತ್ತು ನಿಮಿಷ ಏನಾದರೂ ಗಟ್ಟಿಯಾಗಿ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ದಿನ ನಿಮ್ಮ ದನಿ ನಿಮಗೇ ಅಸಹ್ಯ ಅನ್ನಿಸುತ್ತದೆ, ಎಲ್ಲರಿಗೂ ಹಾಗೇ.

ಕೊನೆಯ ಇಂಟರ್‌ವ್ಯೂನಲ್ಲಿ "ಸಿಟ್ಟಾದ ಗ್ರಾಹಕರನ್ನು ಸಂಭಾಳಿಸಿದ ಒಂದು ಸಂದರ್ಭ ಹೇಳಿ", "ನೀವು ತಪ್ಪು ಮಾಡಿದ್ದು ಯಾವಾಗ" ಅನ್ನುವಂಥವೇ ಬರುತ್ತವೆ. ನಿಮ್ಮ ಬದುಕಿನಿಂದಲೇ ಐದಾರು ಘಟನೆ ಬರೆದಿಟ್ಟುಕೊಳ್ಳಿ. ಏನಾಯಿತು, ನಿಮ್ಮ ಪಾಲಿನ ಕೆಲಸ ಏನಿತ್ತು, ಏನು ಮಾಡಿದಿರಿ, ಕೊನೆಗೆ ಏನಾಯಿತು. ಕಟ್ಟುಕಥೆ ಬೇಡ. "ಆಗ ಅವರು ಏನಂದರು? ನೀವು ಎಲ್ಲಿ ನಿಂತಿದ್ದಿರಿ?" ಅಂತ ಕೆದಕುತ್ತಾರೆ, ಎರಡನೇ ಪ್ರಶ್ನೆಗೇ ಕಥೆ ಉದುರಿಹೋಗುತ್ತದೆ.

ರೋಲ್ ಪ್ಲೇಯಲ್ಲಿ, ಅಂದರೆ ಒಂದು ಸನ್ನಿವೇಶ ಕೊಟ್ಟು ನಟಿಸಿ ತೋರಿಸಿ ಅನ್ನುವಾಗ, ಒಂದು ಬಲೆ ಇದೆ. ಕುಡಿದವನು ಇನ್ನೊಂದು ಪೆಗ್ ಕೇಳಿದರೆ ನಗುತ್ತಾ ನೀರು ಕೊಟ್ಟು, ತಡ ಮಾಡಿ, ಜೊತೆಯವರಿಗೂ ಹಿರಿಯರಿಗೂ ತಿಳಿಸಿ ನಿಭಾಯಿಸಬಹುದು. ಅದೇ ವಿಮಾನ ರನ್‌ವೇಯತ್ತ ಹೊರಟಾಗ ಒಬ್ಬರು ಎದ್ದು ಬ್ಯಾಗ್ ತೆಗೆಯುತ್ತಿದ್ದರೆ ಅಲ್ಲಿ ನಯನಾಜೂಕು ಬೇಡ. "ಸರ್, ಕೂತ್ಕೊಳ್ಳಿ, ಈಗಲೇ." ಒಳ್ಳೆಯವರಾಗಿ ಕಾಣುವ ಆಸೆಗೆ ಎಲ್ಲದಕ್ಕೂ ನಗುವವರು ಇಲ್ಲೇ ಬೀಳುತ್ತಾರೆ.

ಮತ್ತೆ, ಬಾಗಿಲು ದಾಟಿದ ಕ್ಷಣದಿಂದ ಇಂಟರ್‌ವ್ಯೂ ಶುರು ಅಂದುಕೊಳ್ಳಿ. ಕಾಯುವ ಕೋಣೆಯಲ್ಲಿ ಫೋನ್ ಒಳಗಿಡಿ, ಪಕ್ಕದವರನ್ನು ಮಾತಾಡಿಸಿ. ಆಮೇಲೆ ಅವರೇ ನಿಮ್ಮ ಗ್ರೂಪಿಗೆ ಬಂದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಪಾಸ್‌ಪೋರ್ಟಿನಲ್ಲೂ ಸರ್ಟಿಫಿಕೇಟಿನಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಈ ವಾರವೇ ನೋಡಿ.

ಮೇಕಪ್: ಕಮ್ಮಿ, ಅಚ್ಚುಕಟ್ಟು. ಕೂದಲು ಮುಖದ ಮೇಲೆ ಬೀಳದಂತೆ ಕಟ್ಟಿ. ಯೂನಿಫಾರ್ಮ್ ಹಾಕಿದಾಗ ಹಚ್ಚೆ ಕಾಣುತ್ತದಾ ನೋಡಿಕೊಳ್ಳಿ, ಎಷ್ಟೋ ಕಡೆ ಒಪ್ಪುವುದಿಲ್ಲ. ಹೊಸ ಹೀಲ್ಸ್ ತೆಗೆದುಕೊಂಡಿದ್ದರೆ ಈಗಿನಿಂದಲೇ ಮನೆಯೊಳಗೆ ಹಾಕಿಕೊಂಡು ಓಡಾಡಿ. ಎರಡನೇ ಸಲ ನಾನು ಎಲ್ಲ ಸರಿಯಾಗಿ ಮಾಡಿದೆ, ಇದೊಂದು ಬಿಟ್ಟು. ಮೆಡಿಕಲ್ ಫಾರ್ಮ್ ತುಂಬಿಸುವ ಹೊತ್ತಿಗೆ ಹಿಮ್ಮಡಿಯ ಬೊಬ್ಬೆ ಒಡೆದು ಸಾಕ್ಸ್ ಎಲ್ಲಾ ಒದ್ದೆ.