ಡೊಮೈನ್ ಕೊಳ್ಳುತ್ತೇನೆ ಅಂತ ಬಂದ ಮೇಲ್ ಅಸಲಿಯೋ ನಕಲಿಯೋ, ಗೊತ್ತಾಗುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಮಾರಾಟಕ್ಕಿಟ್ಟ ಡಾಟ್ ಕಾಮ್ ಡೊಮೈನ್‌ಗೆ, ಅಂದರೆ ವೆಬ್‌ಸೈಟ್ ವಿಳಾಸದ ಹೆಸರಿಗೆ, ಯಾರೋ ವಿದೇಶದಿಂದ 4,500 ಡಾಲರ್ ಕೊಡುತ್ತೇನೆ ಅಂತ ಮೇಲ್ ಮಾಡಿದ್ದಾನೆ, ಆದರೆ ಮೊದಲು ಅಪ್ರೈಸಲ್ ಸರ್ಟಿಫಿಕೇಟ್, ಅಂದರೆ ಬೆಲೆ ಕಟ್ಟಿಸಿದ ಪತ್ರ, ಕಳಿಸಿ ಅನ್ನುತ್ತಿದ್ದಾನೆ, ನಂಬಬಹುದಾ ಅಂತ. ನಂಬಬೇಡಿ. ಇದು ಮೋಸವೇ. ಇದೇ ಪತ್ರಕ್ಕೆ ದುಡ್ಡು ಕಟ್ಟಿ ಕಳೆದುಕೊಂಡವನು ನಾನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನನ್ನದು ಚಿಕ್ಕಮಗಳೂರು. ಹೋಮ್‌ಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಅಂಗಡಿ ಇದೆ. ಕಾಫಿ, ಎಸ್ಟೇಟ್, ಗಿರಿ, ಸ್ಟೇ ಅಂತೆಲ್ಲ ಜೋಡಿಸಿ ಒಂದು ಹನ್ನೆರಡು ಹೆಸರು ತಗೊಂಡಿಟ್ಟಿದ್ದೆ, ಮುಂದೆ ಯಾರಾದರೂ ಕೇಳಿಕೊಂಡು ಬರುತ್ತಾರೆ ಅಂತ. 2019ರ ಜುಲೈ, ಬಿಡದೆ ಮಳೆ, ಕರೆಂಟ್ ಹೋಗಿ ಯುಪಿಎಸ್ ಕುಂಯ್ ಕುಂಯ್ ಅನ್ನುತ್ತಿತ್ತು. ಆಗ ಒಂದು ಮೇಲ್ ಬಂತು. ಈ ಹೆಸರು ಮಾರಾಟಕ್ಕಿದೆಯಾ, ಬೆಲೆ ಎಷ್ಟು ಅಂತ ಎರಡೇ ಸಾಲು. ನೋಡೋಣ ಅಂತ ಧೈರ್ಯ ಮಾಡಿ 2,500 ಡಾಲರ್ ಅಂದೆ. ಹತ್ತೇ ನಿಮಿಷಕ್ಕೆ ಉತ್ತರ: ಆಯ್ತು, ಬೆಲೆ ಒಪ್ಪಿದೆ.

ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ನಮ್ಮೂರಲ್ಲಿ ಹತ್ತು ರೂಪಾಯಿ ಸೊಪ್ಪಿಗೂ ಚೌಕಾಸಿ ಮಾಡುತ್ತಾರೆ. ಎರಡೂವರೆ ಸಾವಿರ ಡಾಲರ್ ಕೊಡುವವನು ಒಂದು ರೂಪಾಯಿನೂ ಇಳಿಸಿ ಅನ್ನಲಿಲ್ಲ ಅಂದರೆ ಅವನು ಕೊಡುವವನೇ ಅಲ್ಲ.

ಮುಂದಿನ ಮೇಲ್‌ನಲ್ಲಿ ವಿಷಯ ಹೊರಗೆ ಬಂತು. ನನ್ನ ಪಾಲುದಾರರು ಅಪ್ರೈಸಲ್ ಕೇಳುತ್ತಿದ್ದಾರೆ, ಕಂಪ್ಯೂಟರ್ ತಾನಾಗಿ ಕೊಡುವ ಬಿಟ್ಟಿ ಅಂದಾಜು ನಡೆಯಲ್ಲ, ಮನುಷ್ಯರೇ ನೋಡಿ ಬರೆದದ್ದು ಬೇಕು, ಎಲ್ಲಿ ಮಾಡಿಸಬೇಕು ಅಂತ ಗೊತ್ತಿಲ್ಲದಿದ್ದರೆ ಈ ಲಿಂಕ್ ನೋಡಿ ಅಂತ. ಲಿಂಕ್ ತೆಗೆದರೆ ಒಂದು ಪ್ರಶ್ನೋತ್ತರದ ಪುಟ, ಅಲ್ಲಿ ಯಾರೋ ನನ್ನದೇ ಪ್ರಶ್ನೆ ಕೇಳಿದ್ದಾರೆ, ಇನ್ಯಾರೋ 'ನಾನು ಇಲ್ಲಿ ಮಾಡಿಸಿದೆ, ಎರಡೇ ದಿನಕ್ಕೆ ಡೊಮೈನ್ ಮಾರಾಟ ಆಯ್ತು' ಅಂತ ಒಂದು ಸೈಟ್ ತೋರಿಸಿದ್ದಾರೆ. ಕೇಳಿದವನೂ ಅವನೇ, ಹೇಳಿದವನೂ ಅವನೇ, ಆ ಸೈಟೂ ಅವನದೇ. 79 ಡಾಲರ್ ಕಟ್ಟಿದೆ, ಆಗಿನ ಲೆಕ್ಕಕ್ಕೆ ಐದೂವರೆ ಸಾವಿರ ರೂಪಾಯಿ. ಬಣ್ಣಬಣ್ಣದ ಪಿಡಿಎಫ್ ಬಂತು, ನನ್ನ ಹೆಸರಿನ ಬೆಲೆ 3,100 ಡಾಲರ್ ಅಂತ ಬರೆದಿತ್ತು. ಕಳಿಸಿದೆ. ಆಸಾಮಿ ಇವತ್ತಿಗೂ ಉತ್ತರ ಕೊಟ್ಟಿಲ್ಲ. ಆಮೇಲೆ ಹೂಯಿಸ್‌ನಲ್ಲಿ, ಅಂದರೆ ಡೊಮೈನ್ ನೋಂದಣಿ ವಿವರ ತೋರಿಸುವ ದಾಖಲೆಯಲ್ಲಿ, ಹುಡುಕಿದರೆ ಆ ಸೈಟಿನ ಡೊಮೈನ್ ನೋಂದಣಿಯಾಗಿ ಬರೀ ಹನ್ನೊಂದು ದಿನ ಆಗಿತ್ತು. ಇದನ್ನು ದುಡ್ಡು ಕಟ್ಟುವ ಮೊದಲೇ ನೋಡಬಹುದಿತ್ತು. ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ಹೆಸರು ಹಾಕಿದರೆ ನೋಂದಣಿ ದಿನಾಂಕ ಬರುತ್ತದೆ, ಅರ್ಧ ನಿಮಿಷದ ಕೆಲಸ.

ನಮ್ಮ ಕಡೆ ವ್ಯಾಪಾರಿ ಕಾಫಿ ಕೊಳ್ಳಲು ಬಂದರೆ ಮೂಟೆಯಿಂದ ಸ್ಯಾಂಪಲ್ ತೆಗೆದು ತಾನೇ ಔಟ್‌ಟರ್ನ್ ನೋಡುತ್ತಾನೆ, 50 ಕೆಜಿ ಚೆರ್ರಿಗೆ ಎಷ್ಟು ಕೆಜಿ ಬೀಜ ಬರುತ್ತದೆ ಅಂತ. ಮಾಲು ಪರೀಕ್ಷೆ ಮಾಡುವುದು ಕೊಳ್ಳುವವನ ಕೆಲಸ. 'ನೀವೇ ದುಡ್ಡು ಕೊಟ್ಟು ನಾನು ಹೇಳಿದ ಕಡೆ ನೋಡಿಸಿಕೊಂಡು ಬನ್ನಿ' ಅಂತ ಯಾವ ವ್ಯಾಪಾರಿಯೂ ಬೆಳೆಗಾರನಿಗೆ ಹೇಳಲ್ಲ. ಡೊಮೈನ್‌ಗೂ ಇದೇ ಕಥೆ.

ಎರಡನೇ ತರಹದ ಮೋಸ ಇದಕ್ಕಿಂತ ಅಪಾಯ, ಯಾಕೆಂದರೆ ಅದರಲ್ಲಿ ಹೆಸರೇ ಹೋಗುತ್ತದೆ. ಎಸ್ಕ್ರೋ ಮೂಲಕ ಮಾಡೋಣ ಅನ್ನುತ್ತಾರೆ. ಎಸ್ಕ್ರೋ ಅಂದರೆ ಮಧ್ಯದವರು: ಕೊಳ್ಳುವವನು ದುಡ್ಡು ಅವರ ಹತ್ತಿರ ಇಡುತ್ತಾನೆ, ಅವರು ಬಂತು ಅಂದಮೇಲೆ ನೀವು ಹೆಸರು ವರ್ಗ ಮಾಡುತ್ತೀರಿ, ಅವನು ಸಿಕ್ಕಿತು ಅಂದಮೇಲೆ ನಿಮಗೆ ದುಡ್ಡು. ಒಳ್ಳೆ ಪದ್ಧತಿ, 1999ರಿಂದ ನಡೆಯುತ್ತಿರುವ ಎಸ್ಕ್ರೋ ಡಾಟ್ ಕಾಮ್‌ನಂಥವರು ನಿಜವಾಗಿಯೂ ಇದ್ದಾರೆ. ಆದರೆ ಅವರ ಹಾಗೇ ಕಾಣುವ ನಕಲಿ ಸೈಟ್‌ಗಳೂ ಇವೆ. ವಿಳಾಸದಲ್ಲಿ ಡಾಟ್ ಕಾಮ್ ಆದಮೇಲೆ ಇನ್ನೊಂದು ಡಾಟ್, ಇನ್ನೇನೋ ಹೆಸರು ಬಂತು ಅಂದರೆ ಅದು ಆ ಕೊನೆಯ ಹೆಸರಿನವನ ಸೈಟ್, ಮುಂದಿರುವುದೆಲ್ಲ ಬರೀ ಬೋರ್ಡು. ಕೆಲವರು ಎಂ ಅಕ್ಷರದ ಜಾಗದಲ್ಲಿ ಆರ್ ಮತ್ತು ಎನ್ ಪಕ್ಕಪಕ್ಕ ಕೂರಿಸುತ್ತಾರೆ, ಮೊಬೈಲ್‌ನಲ್ಲಿ ನೋಡಿದರೆ ದೇವರಾಣೆ ಗೊತ್ತಾಗಲ್ಲ. ಅದಕ್ಕೆ ಮೇಲ್‌ನಲ್ಲಿರುವ ಲಿಂಕ್ ಒತ್ತಲೇಬೇಡಿ. ವಿಳಾಸ ನೀವೇ ಟೈಪ್ ಮಾಡಿ, ಲಾಗಿನ್ ಆಗಿ, ದುಡ್ಡು ಬಂದಿದೆ ಅಂತ ಅಲ್ಲಿ ಕಣ್ಣಾರೆ ನೋಡಿ. 'ಪೇಮೆಂಟ್ ರಿಸೀವ್ಡ್' ಅಂತ ಮೇಲ್ ಬಂದರೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ದುಡ್ಡು ನೋಡದೆ ಟ್ರಾನ್ಸ್‌ಫರ್ ಲಾಕ್ (ಹೆಸರು ಬೇರೆ ಕಡೆ ಹೋಗದಂತೆ ಹಾಕಿದ ಬೀಗ) ತೆಗೆದು ಆತ್ ಕೋಡ್ (ಹೆಸರು ವರ್ಗ ಮಾಡಲು ಬೇಕಾದ ಗುಟ್ಟಿನ ಸಂಕೇತ) ಕೊಟ್ಟರೆ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದುಡ್ಡಿಗೆ ಮೊದಲೇ ಹೆಬ್ಬೆಟ್ಟು ಒತ್ತಿದ ಹಾಗೆ.

ಪೇಪಾಲ್‌ನಲ್ಲಿ ದುಡ್ಡು ಬಂದರೂ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ಕೊಂಡವನು 180 ದಿನದವರೆಗೆ ತಕರಾರು ಎತ್ತಬಹುದು. ಗುರುತು ಪರಿಚಯ ಇಲ್ಲದವರ ಜೊತೆ ನಾನಂತೂ ಅದನ್ನು ಬಿಟ್ಟೇಬಿಟ್ಟಿದ್ದೇನೆ.

ಇನ್ನು ಚೀನಾದ ರಿಜಿಸ್ಟ್ರಿ, ಅಂದರೆ ಆ ದೇಶದ ಡಾಟ್ ಸಿಎನ್ ಹೆಸರುಗಳ ದಾಖಲೆ ಇಡುವವರು, ಅಂತ ಹೇಳಿಕೊಂಡು, ನಿಮ್ಮ ಹೆಸರನ್ನು ಬೇರೆ ಕಂಪನಿ ಡಾಟ್ ಸಿಎನ್‌ನಲ್ಲಿ ಕೇಳುತ್ತಿದೆ, ನಿಮ್ಮ ಒಪ್ಪಿಗೆ ಇದೆಯಾ, ಇಲ್ಲದಿದ್ದರೆ ಈಗಲೇ ನೀವು ತಗೊಳ್ಳಿ ಅಂತ ಮೇಲ್ ಬರುತ್ತದೆ. ಸುಮ್ನೆ ಡಿಲೀಟ್ ಮಾಡಿ. ಹೆಸರು ಮೊದಲು ಬಂದವರಿಗೆ ಸಿಗುತ್ತದೆ, ಯಾರೂ ನಿಮ್ಮ ಒಪ್ಪಿಗೆ ಕೇಳುತ್ತಾ ಕೂರುವುದಿಲ್ಲ. ರಿನ್ಯೂವಲ್ ಬಿಲ್ ತರಹ ಬರುವ ಮೇಲ್‌ಗಳೂ ಅಷ್ಟೇ, ನಿಮ್ಮ ರಿಜಿಸ್ಟ್ರಾರ್ (ನೀವು ಹೆಸರು ಕೊಂಡ ಕಂಪನಿ) ಖಾತೆಗೆ ಹೋಗಿ ಕೊನೆ ದಿನಾಂಕ ನೋಡಿದರೆ ಗೊತ್ತಾಗುತ್ತದೆ.

ಮೇಲ್ ಮೇಲೆ ಅನುಮಾನ ಬಂದರೆ ಕಂಪ್ಯೂಟರ್‌ನಲ್ಲಿ ಜಿಮೇಲ್ ತೆಗೆದು, ಮೂರು ಚುಕ್ಕೆ ಒತ್ತಿ, ಶೋ ಒರಿಜಿನಲ್ ಅಂತ ನೋಡಿ. ಫ್ರಮ್‌ನಲ್ಲಿ ದೊಡ್ಡ ಕಂಪನಿ ಹೆಸರು, ರಿಪ್ಲೈ ಟು ಅನ್ನುವ ಕಡೆ ಯಾವುದೋ ಬಿಟ್ಟಿ ಮೇಲ್ ಐಡಿ ಇದ್ದರೆ ಅಲ್ಲಿಗೆ ಮುಗಿಯಿತು. ಎಸ್‌ಪಿಎಫ್, ಡಿಕಿಮ್ ಅನ್ನುವ ಮೇಲ್ ಪರೀಕ್ಷೆಗಳು ಪಾಸ್ ಅಂತ ಇದ್ದರೆ ಹಿಗ್ಗಬೇಡಿ, ಮೇಲ್ ಆ ಡೊಮೈನ್‌ನಿಂದಲೇ ಬಂದಿದೆ ಅಂತ ಮಾತ್ರ ಅದರರ್ಥ. ಡೊಮೈನೇ ಕಳ್ಳನದಾದರೆ ಪಾಸ್ ಆಗದೆ ಇನ್ನೇನು?

ಅಸಲಿ ಗಿರಾಕಿ ಹೇಗಿರುತ್ತಾರೆ ಅಂತಲೂ ಹೇಳುತ್ತೇನೆ. ಮೂಡಿಗೆರೆ ಹತ್ತಿರದ ಹೋಮ್‌ಸ್ಟೇ ಯಜಮಾನರೊಬ್ಬರು ನನ್ನ ಒಂದು ಹೆಸರು ಕೇಳಿದರು. ನಾನು ನಲವತ್ತು ಸಾವಿರ ಅಂದೆ. 'ಅಯ್ಯೋ ಮಾರಾಯ್ರೆ, ಹೆಸರಿಗೆ ಇಷ್ಟಾ? ಇದೇನು ತೋಟದ ರೇಟಾ?' ಅಂದರು. ವಾರ ಸುದ್ದಿ ಇಲ್ಲ. ಆಮೇಲೆ ಹತ್ತು ಸಾವಿರ ಅಂದರು. ಮಗನ ಕೈಲಿ ಫೋನ್ ಮಾಡಿಸಿದರು, ಬಿಲ್ ಕೊಡ್ತೀರಾ ಅಂತ ಕೇಳಿದರು, ಮೂರು ವಾರ ಎಳೆದಾಡಿ ಹದಿನೆಂಟಕ್ಕೆ ನಿಂತರು. ಅಪ್ರೈಸಲ್ ಅನ್ನುವ ಪದ ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ದುಡ್ಡು ಬ್ಯಾಂಕಿಗೆ ಬಿತ್ತು, ಹೆಸರು ಅವರ ಖಾತೆಗೆ ಹಾಕಿದೆ.

ಈಗ ನಿಮ್ಮ 4,500ರ ಆಸಾಮಿ. ಅವನಿಗೆ ಒಂದೇ ಸಾಲು ಬರೆಯಿರಿ: ಅಪ್ರೈಸಲ್ ಫೀಸು ನೀವೇ ಕಟ್ಟಿ, ಅಷ್ಟನ್ನು ನನ್ನ ಬೆಲೆಯಲ್ಲಿ ಕಳೆದುಕೊಳ್ಳಿ. ಆಮೇಲೆ ಇಂಥ ನಾಲ್ಕು ಜನ ನನಗೆ ಬರೆದರು, ನಾಲ್ವರಿಗೂ ಇದೇ ಉತ್ತರ ಕೊಟ್ಟೆ, ಒಬ್ಬನೂ ತಿರುಗಿ ಬರೆಯಲಿಲ್ಲ. ಈಗಾಗಲೇ ಕಾರ್ಡ್‌ನಲ್ಲಿ ದುಡ್ಡು ಕಟ್ಟಿಬಿಟ್ಟಿದ್ದರೆ ತಡ ಮಾಡದೆ ಬ್ಯಾಂಕಿಗೆ ಹೇಳಿ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ನಾಚಿಕೆಗೆ ಯಾರಿಗೂ ಹೇಳದೆ ಎರಡು ತಿಂಗಳು ಕೂತಿದ್ದೆ, ಆ ದುಡ್ಡು ಹೋದದ್ದೇ.

ಅಂದಹಾಗೆ ಆ 2,500 ಡಾಲರ್ ಹೆಸರು ಇನ್ನೂ ನನ್ನ ಹತ್ತಿರವೇ ಇದೆ. ಮುಂದಿನ ತಿಂಗಳು ರಿನ್ಯೂವಲ್. ಯಾರಿಗಾದರೂ ಬೇಕಿದ್ದರೆ ಹೇಳಿ, ಚೌಕಾಸಿ ಮಾಡಿದರೆ ಬೇಜಾರಿಲ್ಲ.