ಓದುಗರ ಪ್ರಶ್ನೆ: ಅಗಲದ ಟೈರಿಗೆ ರಿಮ್ ಒಪ್ಪಬೇಕಲ್ಲ!

ಪ್ರಶ್ನೆ: ನನ್ನ ಹತ್ತಿರ 1991ರ ಮಾಜ್ದಾ ಎಂಎಕ್ಸ್-5 ಮಿಯಾಟಾ ಇದೆ. ಕಾರಿನ ಜೊತೆ ಬಂದ 14 ಇಂಚಿನ ಅಲಾಯ್ ರಿಮ್‌ಗಳನ್ನೇ ಉಳಿಸಿಕೊಳ್ಳಬೇಕೆಂಬ ಆಸೆ. ಮೂಲ ಅಳತೆ 185/60ಆರ್14ರಲ್ಲಿ ಒಳ್ಳೆಯ ಟೈರ್ ಸಿಗುತ್ತಿಲ್ಲ. ಅಂಗಡಿಯವರು 195/60 ಹಾಕಿಸಿ, 205/60 ಆದರೆ ಇನ್ನೂ ಗ್ರಿಪ್ ಎನ್ನುತ್ತಾರೆ. 185/65 ಮತ್ತು 175/65 ಸುಲಭವಾಗಿ ಸಿಗುತ್ತವೆ. ಯಾವುದು ಸರಿ?
– ಓದುಗರು, ಸ್ಯಾನ್ ಹೊಸೆ, ಕ್ಯಾಲಿಫೋರ್ನಿಯಾ

ಉತ್ತರ: ಆ ರಿಮ್ ಉಳಿಸಿಕೊಳ್ಳಿ, ದಯವಿಟ್ಟು. ಅಷ್ಟು ಹಗುರವಾದ ರಿಮ್ ಈಗಿನ ಕಾರುಗಳಲ್ಲಿ ಅಪರೂಪ. ಆದರೆ ಅದರ ಅಗಲ ಬರೀ 5.5 ಇಂಚು. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ.

ಮೊದಲು ಎತ್ತರ ಲೆಕ್ಕ ಹಾಕೋಣ. 185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಅದರ ಶೇ. 60, ಅಂದರೆ 111 ಮಿ.ಮೀ. ಸೈಡ್‌ವಾಲ್, ಟೈರಿನ ಪಕ್ಕದ ಗೋಡೆ. ಮೇಲೊಂದು ಕೆಳಗೊಂದು ಸೇರಿ 222. ರಿಮ್ಮಿನ 14 ಇಂಚಿಗೆ 355.6. ಒಟ್ಟು 577.6 ಮಿ.ಮೀ. ಇದೇ ಲೆಕ್ಕದಲ್ಲಿ 175/65 ಹಾಕಿದರೆ 583.1, ಅಂದರೆ ಶೇ. 1 ಹೆಚ್ಚು. 195/60ಕ್ಕೆ 589.6, ಶೇ. 2.1 ಹೆಚ್ಚು. 185/65ಕ್ಕೆ 596.1, ಶೇ. 3.2. 205/60ಕ್ಕೆ 601.6, ಶೇ. 4.2. ಎತ್ತರ ಶೇ. 3 ದಾಟಿತೆಂದರೆ ನಾನು ಆ ಅಳತೆಯನ್ನು ಕೈಬಿಡುತ್ತೇನೆ. ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಚಕ್ರದ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುವುದರಿಂದ ಗೇರ್ ಉದ್ದವಾದಂತಾಗಿ ಪಿಕಪ್ ಮಂಕಾಗುತ್ತದೆ. 1.6 ಲೀಟರಿನ ಪುಟ್ಟ ಎಂಜಿನ್ನಿಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ.

205 ಅನ್ನು ಬೇಡ ಎನ್ನಲು ಇನ್ನೊಂದು ಕಾರಣವಿದೆ. ಟೈರ್ ಕಂಪನಿಗಳ ಪಟ್ಟಿಯಲ್ಲಿ 5.5 ಇಂಚು ಅದಕ್ಕೆ ತೀರಾ ಕೊನೆಯ ಮಿತಿ. ಕಿರಿದಾದ ರಿಮ್ಮಿಗೆ ಅಗಲದ ಟೈರ್ ಕೂರಿಸಿದರೆ ಬೀಡ್, ಅಂದರೆ ರಿಮ್ ಹಿಡಿಯುವ ಟೈರಿನ ಅಂಚು, ಎರಡೂ ಕಡೆಯಿಂದ ಒಳಕ್ಕೆ ಸೇರಿ, ಸೈಡ್‌ವಾಲ್ ಬಲೂನಿನಂತೆ ಉಬ್ಬುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಮೊದಲು ರಬ್ಬರ್ ವಾಲುತ್ತದೆ, ಆಮೇಲೆ ಕಾರು ತಿರುಗುತ್ತದೆ. ಕೈಗೆ ತಕ್ಷಣ ಸ್ಪಂದಿಸುವುದೇ ಮಿಯಾಟಾದ ಸೊಗಸು. ಅದನ್ನೇ ಕಳೆದುಕೊಂಡು ಗ್ರಿಪ್ ಯಾಕೆ ಬೇಕು?

ಹಾಗಾಗಿ ನನ್ನ ಸಲಹೆ: 185/60ರಲ್ಲಿ ತಕ್ಕಮಟ್ಟಿಗೆ ಒಳ್ಳೆಯದು ಸಿಕ್ಕರೂ ಅದನ್ನೇ ಹಾಕಿಸಿ. ಸಿಗದಿದ್ದರೆ 195/60. ಸಸ್ಪೆನ್ಷನ್ ತಗ್ಗಿಸಿರದಿದ್ದರೆ ಎಲ್ಲೂ ಉಜ್ಜುವುದಿಲ್ಲ; ಆದರೂ ಹಾಕಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮಡ್‌ಗಾರ್ಡ್ ಒಳಗೆ ಬೆರಳು ಹಾಯಿಸಿ ನೋಡಿ. 175/65 ಎತ್ತರದಲ್ಲಿ ಸರಿಹೋದರೂ ಆ ಅಳತೆಯಲ್ಲಿ ಬರುವುದು ಹೆಚ್ಚಾಗಿ ಮೈಲೇಜಿನ ಗಟ್ಟಿ ರಬ್ಬರ್. ನಿಧಾನಕ್ಕೆ ಓಡಿಸುವವರಿಗೆ ಸಾಕು, ಘಾಟಿಯ ತಿರುವುಗಳಿಗೆ ಸಾಲದು. ಅಳತೆಯ ಪಕ್ಕದ ‘82ಎಚ್’ ಗಮನಿಸಿ: ಒಂದೊಂದು ಟೈರಿಗೆ 475 ಕಿಲೋ ಭಾರ, ಗಂಟೆಗೆ 210 ಕಿ.ಮೀ. ವೇಗ. ಅದಕ್ಕಿಂತ ಕೆಳಗಿನದು ಬೇಡ.

ಒಳ್ಳೆಯ ಟೈರ್ ಹಾಕಿಸಿ ಅದನ್ನು ಕೆಡಿಸುವುದು ಗಾಳಿ. ಬಾಗಿಲ ಕಂಬದ ಚೀಟಿಯಲ್ಲಿ ಮಾಜ್ದಾ ಕೊಟ್ಟಿರುವುದು ನಾಲ್ಕಕ್ಕೂ 26 ಪಿಎಸ್‌ಐ. ಅಂಗಡಿಯ ಹುಡುಗರು ರೂಢಿಯಂತೆ 32–35 ತುಂಬಿಬಿಡುತ್ತಾರೆ. ಸುಮಾರು ಒಂದು ಟನ್ನಿನ ಕಾರಿಗೆ ಅದು ಅತಿಯಾಯಿತು. ಟೈರಿನ ನಡುಭಾಗ ಮಾತ್ರ ನೆಲ ಹಿಡಿಯುತ್ತದೆ, ಮಳೆಯಲ್ಲಿ ಹಿಂಬದಿ ಜಾರುತ್ತದೆ. ನೋಡಬೇಕೆಂದರೆ ಟೈರಿನ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ದಪ್ಪ ಗೆರೆ ಎಳೆದು, ಸಮತಟ್ಟಾದ ಟಾರಿನ ಮೇಲೆ ನೇರವಾಗಿ ಹತ್ತಿಪ್ಪತ್ತು ಮೀಟರ್ ಓಡಿಸಿ. ಗೆರೆ ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಟೈರ್ ತಣ್ಣಗಿರುವಾಗ 26ರಿಂದ ಶುರು ಮಾಡಿ, ಒಂದೊಂದೇ ಪಿಎಸ್‌ಐ ಹೊಂದಿಸಿ.

ವೀಲ್ ನಟ್‌ಗಳನ್ನು ಏರ್ ಗನ್ನಿನಿಂದ ಬಿಗಿಸಲು ಬಿಡಬೇಡಿ. ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ, ಎದುರುಬದುರಾಗಿ, 90ರಿಂದ 115 ನ್ಯೂಟನ್-ಮೀಟರ್. ನೂರು ಕಿ.ಮೀ. ಓಡುವಷ್ಟರಲ್ಲಿ ಇನ್ನೊಮ್ಮೆ ನೋಡಿ.

ಪ್ರಶ್ನೆ: 2001ರ ಹೋಂಡಾ ಎಸ್2000. ಮುಂದೆ 205/55ಆರ್16, ಹಿಂದೆ 225/50ಆರ್16. ನಾಲ್ಕಕ್ಕೂ 225/50 ಹಾಕಿಸಿದರೆ ಅದಲುಬದಲು ಮಾಡಿಕೊಂಡು ಹೆಚ್ಚು ದಿನ ಓಡಿಸಬಹುದಲ್ಲವೇ?
– ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ: ಲೆಕ್ಕಕ್ಕೆ ಸರಿ: ಎರಡರ ಎತ್ತರವೂ ಅರ್ಧ ಮಿಲಿಮೀಟರಿನ ಒಳಗೇ ಇದೆ, ಮುಂದಿನ 6.5 ಇಂಚಿನ ರಿಮ್ಮಿಗೆ 225 ಕೂರುತ್ತದೆ. ಆದರೂ ಹಾಕಿಸಬೇಡಿ. ಹಿಂದೆ ಅಗಲದ ಟೈರ್ ಇಟ್ಟಿರುವುದು ಚಂದಕ್ಕಲ್ಲ. ತಿರುವಿನಲ್ಲಿ ಮುಂದಿನ ಹಿಡಿತ ಮೊದಲು ಸಡಿಲವಾಗಲಿ, ಚಾಲಕನಿಗೆ ಎಚ್ಚರಿಕೆ ಸಿಗಲಿ ಎಂದು. ಮುಂದೆಯೂ 225 ಆದರೆ ಮೊದಲು ಜಾರುವುದು ಹಿಂಬದಿ. ನಿಮ್ಮ ಕಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸುವ ಸ್ಟೆಬಿಲಿಟಿ ಕಂಟ್ರೋಲ್ ಕೂಡ ಇಲ್ಲ. ಹೊಸದು ಎರಡೇ ಕೊಳ್ಳುವುದಾದರೆ ಹಿಂದಕ್ಕೆ ಕೊಳ್ಳಿ, ಮುಂದಿನದರ ಬ್ರ್ಯಾಂಡ್ ಮತ್ತು ಮಾದರಿಯದೇ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ನೋಡಿದ್ದೇನೆ. ಟೈರು ಸವೆದೇ ಇಲ್ಲ. ಬದಲಾಯಿಸಬೇಕೇ?
– ಓದುಗರು, ಮೈಸೂರು

ಉತ್ತರ: ಸೈಡ್‌ವಾಲ್ ಮೇಲೆ ‘ಡಿಒಟಿ’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2316 ಎಂದಿದ್ದರೆ 2016ನೇ ಇಸವಿಯ 23ನೇ ವಾರ. ಆ ಅಂಕಿ ಒಂದೇ ಬದಿಯಲ್ಲಿರುತ್ತದೆ; ಹೊರಗೆ ಕಾಣದಿದ್ದರೆ ಕಾರಿನ ಅಡಿಗೆ ಬಗ್ಗಿ ಒಳಬದಿ ನೋಡಿ. ಆರು ವರ್ಷ ದಾಟಿದ್ದರೆ ಬೆಲೆ ಮಾತಾಡುವಾಗಲೇ ನಾಲ್ಕು ಟೈರಿನ ಖರ್ಚು ಕಳೆಯಿರಿ. ಹತ್ತು ದಾಟಿದ್ದರೆ ಅದೇ ಟೈರಿನಲ್ಲಿ ಮನೆಗೂ ಓಡಿಸಿಕೊಂಡು ಬರಬೇಡಿ. ನಿಂತಲ್ಲೇ ನಿಂತ ಕಾರಿನ ರಬ್ಬರ್ ಸವೆಯುವುದಿಲ್ಲ, ಒಣಗಿ ಗಟ್ಟಿಯಾಗುತ್ತದೆ. ಗೆರೆಗಳ ಬುಡದಲ್ಲಿ ಉಗುರು ಒತ್ತಿ ಅಗಲಿಸಿದರೆ ಕೂದಲೆಳೆಯಂಥ ಬಿರುಕು ಕಾಣಿಸುತ್ತದೆ.